ಇನ್ನೂರ ಹನ್ನೆರಡನೇ ಪುಟ

ಆ ದಿನ ಬೆಳಿಗ್ಗೆ ಎರಡು ಸಲ ವಾಷಿಂಗ್ ಮೆಷಿನ್ ಹಾಕಿದೆ. ದೋಸೆಗೆ ನೆನೆಹಾಕಿದೆ, ಹುರುಳಿಕಾಯಿ ಹೆಚ್ಚಿದೆ, ಯಜಮಾನರ ಬೂದು ಸೂಟಿಗೆ ಇಸ್ತ್ರಿ ಮಾಡಿಕೊಟ್ಟು ಇಂಟರ್‌ವ್ಯೂಗೆ ಕಳಿಸಿದೆ. ಶಕುನ, ಮುನ್ಸೂಚನೆ ಎಂದರೆ ನಗುತ್ತಿದ್ದವಳು ನಾನು. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನಾವಾಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೆವು. ಯಜಮಾನರು ಆ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಯುರೋಪಿಯನ್ ಕಾನೂನು ಕಲಿಸುತ್ತಿದ್ದರು. ಹದಿನಾಲ್ಕು ವರ್ಷದಿಂದ ಅದೇ ಲೆಕ್ಚರರ್ ಹುದ್ದೆ. ಅವರ ಬಳಿ ಪಿಎಚ್‌ಡಿ ಮಾಡಿದವರು ಪ್ರೊಫೆಸರುಗಳಾಗಿ ಕ್ರಿಸ್‌ಮಸ್ ಕಾರ್ಡ್ ಕಳಿಸುತ್ತಿದ್ದರು. ಕೊನೆಗೊಂದು ದೊಡ್ಡ ಪುಸ್ತಕ ಬರೆದರು. ಅದು ಅಚ್ಚಿಗೆ ಹೋಗುವ ಹೊತ್ತಿಗೆ ಯುರೋಪಿಯನ್ ಒಕ್ಕೂಟದ ಆಮ್‌ಸ್ಟರ್‌ಡ್ಯಾಮ್ ಒಪ್ಪಂದ ಜಾರಿಗೆ ಬಂದು, ಹಳೆಯ ಕಲಮುಗಳ ನಂಬರುಗಳೆಲ್ಲ ಬದಲಾದವು. ನೂರ ಎಪ್ಪತ್ತೇಳು ಇದ್ದದ್ದು ಇನ್ನೂರ ಮೂವತ್ತನಾಲ್ಕಾಯಿತು. ಎರಡು ವಾರ ಊಟದ ಮೇಜಿನ ಮೇಲೆ ಕೆಂಪು ಪೆನ್ನು ಹಿಡಿದು ಇಬ್ಬರೂ ತಿದ್ದಿದೆವು. ಕೊನೆಯ ಮೂರು ಅಧ್ಯಾಯ ನನ್ನ ಪಾಲು.

ಪ್ರೊಫೆಸರ್ ಹುದ್ದೆಯ ಇಂಟರ್‌ವ್ಯೂ ಎರಡು ಗಂಟೆಗೆ. ಮೂರಕ್ಕೆಲ್ಲ ಬಾಗಿಲ ಸದ್ದಾಯಿತು. ಯಜಮಾನರು ಒಳಬಂದು ಮಹಡಿ ಮೆಟ್ಟಿಲ ಮೇಲೆ ಕುಳಿತು, ಒಂದೇ ಒಂದು ಶೂ ಬಿಚ್ಚಿದರು.

"ಆಗ್ಲಿಲ್ಲ ಕಣೇ. ಇನ್ನೂರ ಹನ್ನೆರಡನೇ ಪುಟದಲ್ಲಿ ಒಂದು ಹಳೇ ನಂಬರ್ ಉಳಿದುಬಿಟ್ಟಿತ್ತು. ಅದನ್ನೇ ಹಿಡ್ಕೊಂಡ್ರು" ಎಂದು ಮೇಲೆ ಹೋದರು.

ಕಾಫಿ ಮಾಡಿಕೊಂಡು ಹೋದೆ. ಮೇಲೆ ಯಾರೂ ಇರಲಿಲ್ಲ. ಹಾಸಿಗೆ ಬೆಳಿಗ್ಗೆ ನಾನು ಹಾಸಿದ ಹಾಗೆಯೇ ಇತ್ತು. ಕೆಳಗೆ ಬಂದರೆ ಶೂ ಇಲ್ಲ, ಬಾಗಿಲಿಗೆ ಒಳಗಿನ ಚಿಲಕ ಹಾಕಿಯೇ ಇತ್ತು. ಪುಸ್ತಕ ತೆಗೆದು ಆ ಪುಟ ನೋಡಿದೆ. ನೂರ ಎಪ್ಪತ್ತೇಳು ಅಲ್ಲೇ ಕೂತಿತ್ತು. ನನ್ನ ಪಾಲಿನ ಅಧ್ಯಾಯ.

ಆಗಲೇ ಫೋನು ಬಂತು, ಯಜಮಾನರದೇ.

"ಇನ್ನೂ ಕರೆದಿಲ್ಲ ಕಣೇ. ಹೊರಗಿಂದ ಬರೋ ಪ್ರೊಫೆಸರ ಟ್ರೇನು ಲೇಟಂತೆ. ಯುರೋಪೆಲ್ಲ ಒಂದಾದ್ರೂ ಇವರ ರೈಲು ಮಾತ್ರ ಟೈಮಿಗೆ ಬರಲ್ಲ ನೋಡು!" ಎಂದು ನಕ್ಕರು. ಅಷ್ಟು ಹಗುರವಾಗಿ ಅವರು ನಕ್ಕು ಎಷ್ಟು ದಿನವಾಗಿತ್ತೋ.

ಪುಸ್ತಕ ನನ್ನ ಕೈಯಲ್ಲೇ ಇತ್ತು. ಹೇಳಿದ್ದರೆ ಒಂದು ಉತ್ತರವನ್ನಾದರೂ ಸಿದ್ಧ ಮಾಡಿಕೊಳ್ಳುತ್ತಿದ್ದರು. ಆದರೆ ಆ ಪುಟ ತಿದ್ದಿದವಳು ನಾನೆಂದೂ ಹೇಳಬೇಕಾಗುತ್ತಿತ್ತು.

"ರೀ, ಕೋಟಿನ ಗುಂಡಿ ಹಾಕ್ಕೊಳ್ಳಿ" ಎಂದೆ.

ಏಳು ಗಂಟೆಗೆ ಬಂದರು. ಅದೇ ಮೆಟ್ಟಿಲ ಮೇಲೆ ಕುಳಿತು, ಒಂದು ಶೂ ಬಿಚ್ಚಿ, ಅವೇ ಮಾತುಗಳನ್ನು ಅದೇ ಕ್ರಮದಲ್ಲಿ ಹೇಳಿದರು. ನನಗೆ ಬಾಯಿಪಾಠವಾಗಿತ್ತು.

ಆ ತಪ್ಪು ಎಂದೋ ಕಣ್ಣಿಗೆ ಬಿದ್ದು ಮನಸ್ಸಿನ ಮೂಲೆಯಲ್ಲಿ ಉಳಿದಿತ್ತು ಎಂದುಕೊಳ್ಳಬಹುದು. ಆದರೆ ಇಂಟರ್‌ವ್ಯೂ ಮಾಡುವವರು ಅದನ್ನೇ ಕೇಳುತ್ತಾರೆಂದು ನನಗೆ ಹೇಗೆ ಗೊತ್ತು? ಅಥವಾ ಅವರ ತೀರ್ಮಾನ ಮೊದಲೇ ಆಗಿಹೋಗಿ, ನೆಪವೊಂದನ್ನು ಹುಡುಕುತ್ತಿದ್ದರೋ? ಇವತ್ತಿಗೂ ತಿಳಿಯದು. ಯಜಮಾನರು ನಿವೃತ್ತರಾಗುವವರೆಗೂ ಲೆಕ್ಚರರಾಗಿಯೇ ಇದ್ದರು. ಆ ಪುಟ ಯಾರ ಪಾಲಿನದೆಂದು ಒಮ್ಮೆಯೂ ಕೇಳಲಿಲ್ಲ.

ಅಂದು ರಾತ್ರಿ ಊಟಕ್ಕೆ ಅನ್ನ, ಹುರುಳಿಕಾಯಿ ಪಲ್ಯ, ಮೊಸರು. ಇನ್ನೊಂದು ಸೌಟು ಪಲ್ಯ ತಾವೇ ನನಗೆ ಬಡಿಸಿ, ಅವರು ನನಗಿಂತ ಮೊದಲು ಹೋಗಿ ಮಲಗಿದರು.