ಬಟ್ಟಲಲ್ಲಿದ್ದದ್ದು ತೆಳಿ

ಮೊದಲು ಗೊತ್ತಾದದ್ದು ನನಗಲ್ಲ, ಪಕ್ಕದ ಮನೆಯ ಜಲಜಕ್ಕನಿಗೆ.

ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದುಕೊಂಡು ಬರುತ್ತಿದ್ದೆ. ಇಚಿಲಂಪಾಡಿಯಲ್ಲಿ ನಮ್ಮ ಮನೆ ಡಾಮರು ರಸ್ತೆಯಿಂದ ಸ್ವಲ್ಪ ಒಳಗೆ, ಅಲ್ಲಿಂದ ಜಲ್ಲಿ ಹಾಕಿದ ದಾರಿ. ಅಂಗಳ ಗುಡಿಸುತ್ತಿದ್ದ ಜಲಜಕ್ಕ ಹಿಡಿಸೂಡಿ ನಿಲ್ಲಿಸಿ ನನ್ನ ಕಾಲನ್ನೇ ನೋಡಿದರು.

"ಎಂತ ಸಾವಿತ್ರಕ್ಕ, ಒಂದೇ ಚಪ್ಪಲಿಯಾ? ಇನ್ನೊಂದನ್ನು ಹಾಲಿನ ಒಟ್ಟಿಗೆ ಸೊಸೈಟಿಗೆ ಅಳೆದು ಕೊಟ್ಟು ಬಂದ್ರಾ?"

ಕೆಳಗೆ ನೋಡಿದೆ. ಒಂದು ಕಾಲು ಬರಿದು. ಹೆಬ್ಬೆರಳಿನ ಬದಿಯಲ್ಲಿ ರಕ್ತ. ಎಲ್ಲಿಂದ ಹಾಗೆ ನಡೆದು ಬಂದೆನೋ. ಜಲ್ಲಿ ಚುಚ್ಚಿದ್ದು, ಚರ್ಮ ಕಿತ್ತದ್ದು, ಯಾವುದೂ ಗೊತ್ತಾಗಿರಲಿಲ್ಲ.

ನಾನೂ ನಗಾಡಿದೆ. ನಗಾಡುತ್ತಲೇ ಒಳಗೆ ಬಂದು ಕಾಲು ತೊಳೆದೆ. ನೀರು ತಣ್ಣಗಿದೆಯೋ ಬಿಸಿ ಉಂಟೋ ಎಂದು ಕಾಲಿಗೆ ತಿಳಿಯಲಿಲ್ಲ. ಕೈ ಅದ್ದಿ ನೋಡಬೇಕಾಯಿತು.

ಆಮೇಲೆ ಒಂದೊಂದಾಗಿ ಬಂತು. ನಾಲಿಗೆ ಕೆಂಪಾಗಿ ನುಣುಪಾಯಿತು, ಮೆಣಸು ಸೋಕಿದರೆ ಉರಿ. ಇವರು, ನನ್ನ ಯಜಮಾನರು, ಮದುವೆ, ಉಪನಯನಗಳ ಅಡುಗೆ ವಹಿಸಿಕೊಳ್ಳುವವರು. ನಾಲಿಗೆಯೇ ಇವರ ಕಸುಬು. "ಸಾರಿಗೆ ಎರಡು ಸಲ ಉಪ್ಪು ಹಾಕ್ತೀಯಲ್ಲ ಈಗೀಗ" ಎಂದರು. ಹಾಲು ಕರೆಯುವಾಗ ಬೆರಳು ಎಷ್ಟು ಬಿಗಿಯುತ್ತಿದೆ ಎಂಬ ಅಂದಾಜು ತಪ್ಪಿತು. ನಮ್ಮ ಬೊಳ್ಳಿ ಹದಿನಾಲ್ಕು ವರ್ಷದ ಸಾಧು ದನ. ಅದು ನನ್ನನ್ನು ಒದೆಯಿತು. ಅದರ ತಪ್ಪಲ್ಲ, ನೋವು ಮಾಡಿದವಳು ನಾನು.

ಒಂದು ದಿನ ಸ್ನಾನ ಮಾಡುವಾಗ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದೆ. ಅಷ್ಟೆ. ಹಂಡೆಯ ಮೇಲೆ ಬಿದ್ದಿದ್ದೆ.

ಎರಡು ದಿನ ಬಿಟ್ಟು ದೇವರಿಗೆ ದೀಪ ಹಚ್ಚಿ ಕೈಮುಗಿದು ಕಣ್ಣು ಮುಚ್ಚಿದೆ. ಆಗಲೂ ಬಿದ್ದೆ. ಕಣ್ಣು ಬಿಟ್ಟಿರುವವರೆಗೆ ನಾನು ನಿಂತಿರುತ್ತೇನೆ, ಮುಚ್ಚಿದರೆ ನನ್ನ ಕಾಲು ಎಲ್ಲಿದೆ ಎಂಬುದೇ ನನಗೆ ತಿಳಿಯುವುದಿಲ್ಲ ಎಂಬುದು ಆಗ ಅರ್ಥವಾಯಿತು. ಅಂದಿನಿಂದ ದೇವರನ್ನು ಕಣ್ಣು ಬಿಟ್ಟೇ ಬೇಡಿಕೊಂಡೆ.

ಕಡಬದ ಡಾಕ್ಟ್ರಿಗೆ ತೋರಿಸಿದೆವು. ಕ್ಯಾಲ್ಸಿಯಂ ಮಾತ್ರೆ, ಹಚ್ಚಲಿಕ್ಕೆ ಮುಲಾಮು. ಕಡಿಮೆಯಾಗದೆ ಇನ್ನೊಂದು ಕಡೆ ಹೋದೆವು. ಅಲ್ಲಿ ಕುತ್ತಿಗೆಯ ಎಂಆರ್‌ಐ ಮಾಡಿಸಿ, ಒಂದು ಡಿಸ್ಕ್ ಸ್ವಲ್ಪ ಒತ್ತಿದೆ ಎಂದು ಕಾಲರ್ ಕೊಟ್ಟರು. ಕಾಲರ್ ಹಾಕಿದರೆ ತಲೆ ಬಗ್ಗಿಸಲಾಗದು. ತಲೆ ಬಗ್ಗಿಸದಿದ್ದರೆ ಕಾಲು ಕಾಣದು. ಕಾಲು ಕಾಣದಿದ್ದರೆ ನಡೆಯುವುದು ಹೇಗೆ? ಗೋಡೆ ಹಿಡಿದು ನಡೆದೆ. ಗೋಡೆ ಮುಗಿದಲ್ಲಿ ನಿಂತು ಯಾರನ್ನಾದರೂ ಕರೆದೆ.

ಹೋದಲ್ಲೆಲ್ಲ ಒಂದು ಪ್ರಶ್ನೆ ಇರುತ್ತಿತ್ತು. "ಊಟ ವೆಜ್ಜಾ, ನಾನ್‌ವೆಜ್ಜಾ?" ನಾನು ಬಾಯಿ ತೆರೆಯುವ ಮೊದಲೇ ಇವರ ಉತ್ತರ. "ಪ್ಯೂರ್ ವೆಜ್ ಡಾಕ್ಟ್ರೆ. ಹಾಲು, ಮಜ್ಜಿಗೆ, ತುಪ್ಪ ಎಲ್ಲ ಮನೆದೇ. ಅದಕ್ಕೆಲ್ಲ ಬರ ಇಲ್ಲ."

ನಾನು ಅದನ್ನು ತಿದ್ದಲಿಲ್ಲ.

ನಾನು ಹಾಲು ಬಿಟ್ಟು ನಾಲ್ಕು ವರ್ಷವಾಗಿತ್ತು. ಹಾಲು ಮಾತ್ರವಲ್ಲ, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ತುಪ್ಪದಲ್ಲಿ ಕರಿದದ್ದು, ಎಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷ ಹೇಗೆ ಗೊತ್ತಾಗಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬಡಿಸುವವಳ ಬಟ್ಟಲನ್ನು ಯಾರು ನೋಡುತ್ತಾರೆ? ಇವರು, ಅತ್ತೆ, ಇವರ ಜೊತೆ ಅಡುಗೆಗೆ ಹೋಗುವ ಇಬ್ಬರು, ಎಲ್ಲ ಉಂಡು ಎದ್ದ ಮೇಲೆ ನನ್ನದು. ಕೊನೆಗೆ ಮಜ್ಜಿಗೆ ಅನ್ನ ಉಣ್ಣದವರು ನಮ್ಮಲ್ಲಿ ಇಲ್ಲ. ಹಾಗಾಗಿ ಅನ್ನ ಬಸಿದ ನೀರನ್ನು, ನಾವು ತೆಳಿ ಎನ್ನುವುದನ್ನು, ಒಂದು ಪಾತ್ರೆಯಲ್ಲಿ ತೆಗೆದಿಡುತ್ತಿದ್ದೆ. ಉಪ್ಪು ಹಾಕಿ, ಲಿಂಬೆ ಹಿಂಡಿ, ಒಂದು ಗಾಂಧಾರಿ ಮೆಣಸು ನುರಿದು ಅನ್ನಕ್ಕೆ ಹೊಯ್ದುಕೊಂಡರೆ ಬಾಗಿಲಲ್ಲಿ ನಿಂತು ನೋಡಿದವರಿಗೆ ಅದು ಮಜ್ಜಿಗೆಯೇ.

ಯಾಕೆ ಬಿಟ್ಟೆ ಎಂದು ಹೇಳಬೇಕಲ್ಲ. ಮಗಳು ಸುಷ್ಮಾಳನ್ನು ಐವರ್ನಾಡಿಗೆ ಕೊಟ್ಟದ್ದು. ಅವಳ ಬಯಕೆ ಊಟ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಚೊಚ್ಚಲ ಬಸುರಿ. ಪಾಯಸಕ್ಕೆ ಪ್ಯಾಕೆಟ್ ಹಾಲು ಬೇಡ, ಮನೆಯದ್ದೇ ಆಗಬೇಕು ಎಂದು ಇವರ ಹಟ. ಬೊಳ್ಳಿ ಕರು ಹಾಕಿ ಹನ್ನೆರಡು ದಿನ. ಗಂಡು ಕರು. ಊಟಕ್ಕೆ ಮೊದಲಿನ ಐದು ದಿನ ನಾನು ಕರುವನ್ನು ಎರಡು ಗುಟುಕು ಚೀಪಿಸಿ, ದನ ಸೊರೆ ಬಿಟ್ಟು ಹಾಲಿಳಿಸಿದ ಕೂಡಲೇ ಎಳೆದು ಕಟ್ಟಿದೆ. ಮೊಸರಿಗೆಂದು ಸ್ವಲ್ಪ, ಬೆಣ್ಣೆಗೆಂದು ಸ್ವಲ್ಪ, ಪಾಯಸಕ್ಕೆಂದು ಸ್ವಲ್ಪ. ಕರು ಹಗ್ಗ ಜಗ್ಗುತ್ತಿತ್ತು. ಮೂರನೇ ದಿನ ಜಗ್ಗುವುದು ಕಡಿಮೆಯಾಯಿತು. ಅಭ್ಯಾಸವಾಯಿತು ಎಂದುಕೊಂಡೆ.

ಊಟದ ದಿನ ಬೆಳಿಗ್ಗೆ ಅದು ಎದ್ದಿರಲಿಲ್ಲ. ಮನೆ ತುಂಬ ಜನ. ಮಧ್ಯಾಹ್ನ ಪಾಯಸವನ್ನು ಎಲ್ಲರೂ ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ನಾನೂ ಎಲೆ ಬಳಿದು ಉಂಡೆ. ಕೈ ತೊಳೆದು ಹಟ್ಟಿಗೆ ಹೋಗಿ ನೋಡಿದರೆ ಕರು ಸತ್ತಿತ್ತು.

ಇವರಿಗೆ ಮಾತ್ರ ಹೇಳಿದೆ. "ಇವತ್ತು ಬಾಯಿ ಬಿಡಬೇಡ. ಬಸುರಿಗೆ ಗೊತ್ತಾಗ್ಬಾರದು. ಯಾವತ್ತೂ" ಎಂದರು. ಜನ ಹೋದ ಮೇಲೆ ಗುಡ್ಡದ ಬದಿಯಲ್ಲಿ ಹೂತು ಬಂದರು. ಕೇಳಿದವರಿಗೆ ಕರುವನ್ನು ಬೇಕಾದವರಿಗೆ ಕೊಟ್ಟೆವು ಎಂದೆವು. ಇವರು ಅದನ್ನು ಅಲ್ಲಿಗೇ ಮರೆತರು. ಮರುದಿನ ಕಾಫಿಗೆ ಹಾಲು ಹಾಕಲು ಲೋಟ ಎತ್ತಿದೆ. ಹಾಕಲಾಗಲಿಲ್ಲ. ಅದರ ಮರುದಿನವೂ ಆಗಲಿಲ್ಲ.

ಅದು ವ್ರತವಲ್ಲ, ದೇವರ ಮುಂದೆ ಸಂಕಲ್ಪ ಮಾಡಿದ್ದಲ್ಲ. ಬಾಯಿಗೆ ಹೋಗಲಿಲ್ಲ, ಅಷ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದೂ ಹೇಳಲಾರೆ. ಬೊಳ್ಳಿಯನ್ನು ಕರೆಯುತ್ತಲೇ ಇದ್ದೆ, ಸೊಸೈಟಿಗೆ ಹಾಕುತ್ತಲೇ ಇದ್ದೆ. ಬಾಯಿ ಬಿಟ್ಟಿತ್ತು, ಕೈ ಬಿಟ್ಟಿರಲಿಲ್ಲ. ಆಮೇಲೆ ಹುಟ್ಟಿದ ಹೆಣ್ಣು ಕರುವಿಗೆ ಎರಡು ಮೊಲೆ ಪೂರ್ತಿ ಬಿಡುತ್ತಿದ್ದೆ. ಹಾಲು ಯಾಕೆ ಕಡಿಮೆ ಎಂದು ಇವರು ಕೇಳಿದರೆ ಈ ಸಲದ ಹಿಂಡಿ ಸರಿ ಇಲ್ಲ ಎನ್ನುತ್ತಿದ್ದೆ. ಆ ನಾಲ್ಕು ವರ್ಷ ನನಗೆ ಸುಖವೂ ಇತ್ತು ಎಂದರೆ ನಂಬುತ್ತೀರಾ? ತೆಳಿ ಅನ್ನ ಉಂಡು ಬಟ್ಟಲು ತೊಳೆಯುವಾಗ ಎದೆ ಹಗುರವಾಗುತ್ತಿತ್ತು. ಒಳಗೊಳಗೇ ನರ ಬಡವಾಗುತ್ತಿದೆ ಎಂದು ಗೊತ್ತಿರಲಿಲ್ಲ.

ಚಪ್ಪಲಿ ಕಳೆದ ಎಂಟು ತಿಂಗಳ ನಂತರ ಸುಷ್ಮಾ ಹಟ ಹಿಡಿದು ಪುತ್ತೂರಿಗೆ ಬರುವ ನ್ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಸಣ್ಣ ಪ್ರಾಯದ ಡಾಕ್ಟ್ರು, ಹೆಂಗಸು. ಉಕ್ಕಿನ ಕವಲು ಕಡ್ಡಿಯೊಂದನ್ನು ಮೇಜಿಗೆ ತಟ್ಟಿ ನನ್ನ ಕಾಲಿನ ಗಂಟಿಗೆ ಇಟ್ಟರು.

"ಝುಂ ಅಂತ ಆಗ್ತದಾ?"

"ಅದರ ನಡುಕ ಆಗ್ಲೇ ನಿಂತಿದೆ ಅಲ್ವಾ?" ಎಂದೆ.

ಅವರು ಅದನ್ನೇ ಎತ್ತಿ ನನ್ನ ಗಲ್ಲಕ್ಕೆ ಇಟ್ಟರು. ಹಲ್ಲೆಲ್ಲ ನಡುಗಿತು.

ಕಡ್ಡಿ ಇನ್ನೂ ನಡುಗುತ್ತಲೇ ಇತ್ತು.

ರಕ್ತದ ರಿಪೋರ್ಟ್ ಮರುದಿನ ಬಂತು. ಇವರು, ಸುಷ್ಮಾ, ನಾನು, ಮೂವರೂ ಕುಳಿತಿದ್ದೆವು. ನರಕ್ಕೆ ಬೇಕಾದ, ಹಾಲಿನಲ್ಲಿ ಸಿಗುವ ಬಿ ಟ್ವೆಲ್ವ್ ವಿಟಮಿನ್ ತಳ ಕಂಡಿದೆ ಎಂದರು ಡಾಕ್ಟ್ರು. ಬೆನ್ನುಹುರಿಯವರೆಗೆ ತಾಗಿದೆ ಎಂದರು. "ದಿನಾ ಹಾಲು ಮಜ್ಜಿಗೆ ತೆಕ್ಕೊಂಡೂ ಇಷ್ಟು ಕಡಿಮೆ ಅಂದ್ರೆ ಹೊಟ್ಟೆಯಲ್ಲಿ ಏನೋ ತೊಂದ್ರೆ ಇರ್ಬಹುದು. ಎಂಡೋಸ್ಕೋಪಿ ಮಾಡಿ, ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುವ."

"ಬಯಾಪ್ಸಿ ಅಂದ್ರೆ?" ಇವರು ಕೇಳಿದರು. "ಕ್ಯಾನ್ಸರಾ ಡಾಕ್ಟ್ರೆ?"

"ನೋಡದೆ ಹೇಳ್ಲಿಕ್ಕೆ ಆಗುದಿಲ್ಲ."

ಇವರ ಕೈ ಮೇಜಿನ ಮೇಲಿತ್ತು. ನೂರು ಜನರ ಸಾಂಬಾರಿನ ಪಾತ್ರೆ ಇಳಿಸುವ ಕೈ. ಅದು ರಿಪೋರ್ಟನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿತ್ತು.

"ನಾನು ಹಾಲು ಕುಡಿಯುದಿಲ್ಲ" ಎಂದೆ.

ಇವರು ನಕ್ಕೇಬಿಟ್ಟರು. "ಅವಳಿಗೆ ಹೆದರಿಕೆ ಡಾಕ್ಟ್ರೆ, ಎಂತೆಂತದೋ ಹೇಳ್ತಾಳೆ. ನಿನ್ನೆ ಕೂಡ ಮಜ್ಜಿಗೆ ಅನ್ನ ಉಂಡಿದ್ದಾಳೆ, ನಾನೇ ನೋಡಿದ್ದೇನೆ."

"ಅದು ಮಜ್ಜಿಗೆ ಅಲ್ಲ. ತೆಳಿ."

ಡಾಕ್ಟ್ರು ಪೆನ್ನು ಕೆಳಗಿಟ್ಟರು. "ಎಷ್ಟು ಸಮಯದಿಂದ ಅಮ್ಮ?"

"ನಾಲ್ಕು ವರ್ಷ."

"ನಾಲ್ಕು ವರ್ಷವಾ! ಎಂತಕ್ಕಮ್ಮ?" ಸುಷ್ಮಾ ನನ್ನ ಕಡೆಗೆ ತಿರುಗಿದಳು. ಅವಳ ಮಗುವಿಗೂ ಸುಮಾರು ಅಷ್ಟೇ ಪ್ರಾಯ. ಲೆಕ್ಕ ಹಾಕಲು ಅವಳಿಗೆ ಹೊತ್ತು ಬೇಡ. ಇವರು ನನ್ನನ್ನೇ ನೋಡುತ್ತಿದ್ದರು. ಹೇಳಬೇಡ ಎಂದು ಕಣ್ಣಲ್ಲಿ ಇತ್ತೋ, ಹೇಳು ಎಂದಿತ್ತೋ, ಇವತ್ತಿಗೂ ತಿಳಿಯದು.

ಹೇಳಿದೆ. ಕರು, ಹಗ್ಗ, ಪಾಯಸ, ಎಲ್ಲ. ಎರಡು ನಿಮಿಷದ ಮಾತು. ನಾಲ್ಕು ವರ್ಷ ಇದಕ್ಕೇ ಹೆದರಿದ್ದೆ.

"ನನ್ನ ಬಯಕೆ ಊಟಕ್ಕಾ?" ಎಂದಳು ಸುಷ್ಮಾ. ಎದ್ದು ಹೊರಗೆ ಹೋದಳು.

ಎಂಡೋಸ್ಕೋಪಿ ಸದ್ಯ ಬೇಡ, ಇಂಜೆಕ್ಷನ್ ಕೊಟ್ಟು ನೋಡುವ ಎಂದರು ಡಾಕ್ಟ್ರು. ನಾನು ಒಂದೇ ಪ್ರಶ್ನೆ ಕೇಳಿದೆ. ಕಾಲು ಮೊದಲಿನ ಹಾಗೆ ಆಗುತ್ತದಾ?

"ಶುರುವಿನಲ್ಲೇ ಇದನ್ನು ಹೇಳಿದ್ರೆ ಧೈರ್ಯವಾಗಿ ಆಗ್ತದೆ ಅಂತ ಹೇಳ್ತಿದ್ದೆ. ಈಗ ಎಷ್ಟು ವಾಪಸ್ ಬರ್ತದೆ ಅಂತ ನನಗೂ ಗೊತ್ತಿಲ್ಲ."

ಒಂದು ವಾರ ಅಡ್ಮಿಟ್ ಆದೆ. ದಿನಕ್ಕೊಂದು ಇಂಜೆಕ್ಷನ್, ಕೆಂಪು ಮದ್ದು. ರವಿಕೆಯ ಹುಕ್ಕು ಹಾಕಲಾಗುತ್ತಿರಲಿಲ್ಲ, ಸುಷ್ಮಾ ಹಾಕುತ್ತಿದ್ದಳು. ಬಾತ್‌ರೂಮಿಗೆ ಹೋಗಲು ನರ್ಸಿನ ಹೆಗಲು. ಮಂಚದಿಂದ ಇಳಿಯುವಾಗ ನನ್ನ ಕಾಲನ್ನು ಯಾರದೋ ಸಾಮಾನಿನ ಹಾಗೆ ಎರಡು ಕೈಯಲ್ಲಿ ಎತ್ತಿ ಕೆಳಗಿಡುತ್ತಿದ್ದೆ. ಐವತ್ತೆರಡರ ಪ್ರಾಯದವರೆಗೆ ಎಲ್ಲರಿಗೂ ಬಡಿಸಿದವಳು ಒಂದು ಇಡ್ಲಿ ಮುರಿಯಲು ಬೇರೆಯವರ ಕೈ ಕಾಯುತ್ತಿದ್ದೆ.

ಎರಡು ದಿನ ಸುಷ್ಮಾ ಬೇಕಾದಷ್ಟೇ ಮಾತಾಡಿದಳು. ಮೂರನೇ ದಿನ ತಲೆ ಬಾಚುತ್ತ, "ಅಮ್ಮ, ನೀನು ಮಾಡಿದ್ದಕ್ಕೆ ವೀಗನ್ ಅಂತ ಹೇಳುದು. ತುಂಬ ಜನ ಮಾಡ್ತಾರೆ" ಎಂದಳು.

"ಹಾಗಾ?"

"ಹೌದು. ಆದ್ರೆ ಅವರು ಕಂಡವರಿಗೆಲ್ಲ ಹೇಳಿ ಹೇಳಿ ತಲೆ ತಿಂತಾರೆ ಮಾರಾಯ್ತಿ. ಕದ್ದು ವೀಗನ್ ಆದವಳು ನೀನೊಬ್ಬಳೇ ಇರ್ಬೇಕು."

ನಕ್ಕೆವು. ನಗುತ್ತಿರುವಾಗಲೇ ಅವಳು ಅತ್ತಳು. "ನನಗೆ ಆವಾಗ ಹೇಳ್ಬಾರದಿತ್ತು, ಸರಿ. ಮಗು ಹುಟ್ಟಿದ ಮೇಲಾದ್ರೂ ಹೇಳ್ಬಹುದಿತ್ತಲ್ಲ" ಎಂದಳು.

ಮನೆಗೆ ಬಂದ ದಿನ ಇವರು ಒಂದು ಲೋಟ ಹಾಲು ತಂದು ಮುಂದಿಟ್ಟರು. "ಮದ್ದು ಅಂತ ಕುಡಿ." ಅತ್ತೆ, "ಹಾಲು ಬಿಡ್ಲಿಕ್ಕೆ ನೀನೆಂತ ಸನ್ಯಾಸಿಯಾ?" ಎಂದರು. ಕುಡಿಯಬೇಕೆಂದೇ ಲೋಟ ಎತ್ತಿದೆ. ನಡೆಯಬೇಕೆಂಬ ಆಸೆ ನನಗಿಲ್ಲವೇ? ತುಟಿಯವರೆಗೆ ಬಂತು. ಆಗಲಿಲ್ಲ. ಇವರು ಲೋಟ ತೆಗೆದುಕೊಂಡು ಹೋದರು. ಡಾಕ್ಟ್ರು ಬಯ್ಯಲಿಲ್ಲ. ಹಾಲು ಬೇಡದಿದ್ದರೆ ಬೇಡ, ಆದರೆ ಇಂಜೆಕ್ಷನ್ ಸಾಯುವವರೆಗೆ ಬಿಡುವ ಹಾಗಿಲ್ಲ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದರು.

ಈಗ ನಾನು ಎಲ್ಲರ ಜೊತೆಗೇ ಉಣ್ಣಬೇಕು. ಅದು ಸುಷ್ಮಾಳ ಕಟ್ಟಪ್ಪಣೆ. ಇವರು ಒಂದೆಲಗದ ತಂಬುಳಿಯನ್ನು ಮಜ್ಜಿಗೆಯ ಬದಲು ತೆಂಗಿನ ಹಾಲು, ಪುನರ್ಪುಳಿ ಹಾಕಿ ಮಾಡುತ್ತಾರೆ. "ಇದಕ್ಕೆ ತಂಬುಳಿ ಅಂತ ಹೇಳಿದ್ರೆ ನನ್ನನ್ನು ಇನ್ನು ಯಾರೂ ಅಡುಗೆಗೆ ಕರೆಯುದಿಲ್ಲ" ಎಂದು ಗೊಣಗುತ್ತಲೇ ಬಡಿಸುತ್ತಾರೆ. ಬೊಳ್ಳಿಯ ಹಾಲು ಬತ್ತಿದೆ. ಇನ್ನು ಅದಕ್ಕೆ ಕರು ಹಾಕಿಸುವುದು ಬೇಡ ಎಂದೆ. "ನೋಡುವ" ಎಂದಿದ್ದಾರೆ.

ಬೆರಳುಗಳಿಗೆ ಬಹುಮಟ್ಟಿಗೆ ಜೀವ ಬಂದಿದೆ. ಕಾಲಿಗೆ ಇಷ್ಟೇ ಎಂದು ಹೇಳಲಾಗದು. ತಿಂಗಳಿಗೊಮ್ಮೆ ಇಂಜೆಕ್ಷನ್, ದಿನವೂ ಕೋಲು ಹಿಡಿದು ಅಂಗಳದಲ್ಲಿ ಹತ್ತು ಸುತ್ತು, ಕಣ್ಣು ಕಾಲಿನ ಮೇಲೆ.

ಕಳೆದ ವಾರ ಹಿತ್ತಿಲ ಮೆಟ್ಟಿಲಲ್ಲಿ ಕುಳಿತು ಬಸಳೆ ಸೋಸುತ್ತಿದ್ದೆ. ಮಾವಿನ ಗೆಲ್ಲಿನಿಂದ ಚಗಳಿ ಇರುವೆಗಳು ಬಿದ್ದಿದ್ದವು, ನೋಡಿರಲಿಲ್ಲ. ಫಕ್ಕನೆ ಬಲಗಾಲಿನ ಬೆರಳಿಗೆ ಸೂಜಿ ಹೊಕ್ಕ ಹಾಗೆ ಆಯಿತು. "ಅಯ್ಯೋ" ಎಂದು ಕಿರುಚಿದೆ. ಇವರು ಸೌಟು ಹಿಡಿದುಕೊಂಡೇ ಓಡಿ ಬಂದರು.

"ಬಿದ್ಯಾ?"

"ಇಲ್ಲ. ಚಗಳಿ ಕಚ್ಚಿತು. ಕಚ್ಚಿದ್ದು ಗೊತ್ತಾಯ್ತು!"

ಇವರು ಸೌಟು ಕೆಳಗಿಟ್ಟು ನನ್ನ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತರು. ಬಲಗಾಲಿನ ಇರುವೆ ಕಿತ್ತು ತೆಗೆದರು. ಎಡಗಾಲಿನಲ್ಲಿ ಮೂರು ಇದ್ದವು, ಚರ್ಮ ಕಚ್ಚಿ ಹಿಡಿದು ಹಿಂದಿನ ಭಾಗ ಮೇಲೆತ್ತಿ ನಿಂತಿದ್ದವು. ಸುತ್ತ ಕೆಂಪಗೆ ದದ್ದು ಎದ್ದಿತ್ತು. ಇವರ ಕೈ ನಿಂತಿತು.

"ಇದು?"

ಸುಳ್ಳು ಹೇಳುವುದು ಸುಲಭವಿತ್ತು. ಇವರ ಮುಖದಲ್ಲಿ ಅಷ್ಟು ಸಂತೋಷ ನೋಡಿ ಬಹಳ ದಿನವಾಗಿತ್ತು.

"ಅದು ಗೊತ್ತಾಗ್ಲಿಲ್ಲ" ಎಂದೆ.

ಇವರು ತಲೆಯಾಡಿಸಿದರು. ಒಂದೊಂದಾಗಿ ಮೂರನ್ನೂ ತೆಗೆದು, ಅಲ್ಲೇ ಕುಳಿತು, ಆ ಕಾಲನ್ನು ಉಜ್ಜತೊಡಗಿದರು.