ಗೇರ್‌ಬಾಕ್ಸಿನ ಪಾತ್ರೆಗೆ ಹಾಕಿದ ಅಕ್ಕಿ

ಆ ಪಾತ್ರೆಯನ್ನು ಗಾಡಿಯ ಹೊಟ್ಟೆಗೆ ಬಿಗಿಯುವಾಗ ಅದರೊಳಗೆ ಅಕ್ಕಿ ಇತ್ತೋ ಇಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಅಕ್ಕಿ ಹಾಕಿದ್ದನ್ನು ನೋಡಿದ್ದೇನೆ. ತೆಗೆದದ್ದನ್ನೂ ನೋಡಿದ್ದೇನೆಂದು ಬಹಳ ದಿನ ನಂಬಿದ್ದೆ. ಆದರೆ ತೆಗೆದವರು ಯಾರೆಂದು ನೆನೆಸಿಕೊಂಡರೆ ಒಮ್ಮೆ ನನ್ನ ಕೈ ಕಾಣುತ್ತದೆ, ಒಮ್ಮೆ ಅಕ್ಕನ ಬಳೆ ಕಾಣುತ್ತದೆ, ಒಮ್ಮೆ ಗಾಡಿ ರಿಪೇರಿ ಮೇಸ್ತ್ರಿಯ ಎಣ್ಣೆ ಬಟ್ಟೆ. ಒಂದೇ ಹಿಡಿ ಅಕ್ಕಿಯನ್ನು ಮೂವರು ತೆಗೆಯಲಾರರು. ಆ ದಿನದ ಬಗ್ಗೆ ನಾನು ಅನುಮಾನವಿಲ್ಲದೆ ಹೇಳಬಲ್ಲ ಮಾತು ಒಂದೇ: ಕೆಲಸ ಮುಗಿದ ಮೇಲೆ ಹತ್ತನೇ ನಂಬರಿನ ಸ್ಪ್ಯಾನರನ್ನು ಮೇಸ್ತ್ರಿಯ ಪೆಟ್ಟಿಗೆಗೆ ವಾಪಸು ಹಾಕಿದೆ. ಅದು ಬಿದ್ದ ಠಣ್ ಎಂಬ ಸದ್ದು ಈಗಲೂ ಕಿವಿಯಲ್ಲಿದೆ.

ಗಾಡಿ ನನ್ನದಲ್ಲ, ಭಾವನದು. ಅಕ್ಕ ಭಾವ ಇರುವುದು ಮಾಂಬಳ್ಳಿಯಲ್ಲಿ. ನಾನು ಕೊಳ್ಳೇಗಾಲದಲ್ಲಿ ಕಾಲೇಜು ಮಕ್ಕಳಿಗೆ ತರ್ಕಶಾಸ್ತ್ರ ಹೇಳಿಕೊಂಡು ಬದುಕುತ್ತೇನೆ. ಮಂಡಿಯ ಆಪರೇಷನ್ ಆದ ಮೇಲೆ ಭಾವನ ಎಡಗಾಲು ಸರಿಯಾಗಿ ಮಡಚುವುದಿಲ್ಲ, ಕ್ಲಚ್ ತುಳಿಯಲಾಗುವುದಿಲ್ಲ. ಅವರ ತಾಯಿಯ ಕಡೆಯಿಂದ ಬಂದ ಹೊಲ ಇರುವುದು ಹನೂರು ದಾಟಿ, ಒಡೆಯರಪಾಳ್ಯವನ್ನೂ ದಾಟಿ, ಕಲ್ಲಿನ ದಾರಿ ಹಿಡಿದು ಹತ್ತಿದ ಮೇಲೆ. ಆಪರೇಷನ್ ಆದ ಮೊದಲ ವರ್ಷಗಳಲ್ಲಿ ಅಲ್ಲಿಗೆ ಹೋಗಬೇಕೆಂದರೆ ಯಾರಿಗೆ ಬಿಡುವಿದೆ ಎಂದು ಊರೆಲ್ಲ ಕೇಳಬೇಕಿತ್ತು. ಕೊನೆಗೆ ಕ್ಲಚ್ಚಿಲ್ಲದ, ನಾಲ್ಕು ಚಕ್ರಕ್ಕೂ ಎಳೆತವಿರುವ ಆಟೋಮ್ಯಾಟಿಕ್ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಅಂದಿನಿಂದ ಪ್ರತಿ ಸೋಮವಾರ ಒಬ್ಬರೇ ಹೋಗುತ್ತಿದ್ದರು. ಆ ಒಬ್ಬರೇ ಎಂಬುದು ಅವರಿಗೆ ಜೋಳದ ಬೆಳೆಗಿಂತ ದೊಡ್ಡದು. ದಾರಿಯಲ್ಲಿ ಹನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಾರೆ. ಬರುವಾಗ ಮನಸ್ಸು ಬಂದಷ್ಟು ತಡ ಮಾಡುತ್ತಾರೆ. ಕೇಳುವವರಿಲ್ಲ.

ಹೀಗಿರುವಾಗ ಹೊಲದ ದಾರಿಯ ಒಂದು ಕಲ್ಲು ಗಾಡಿಯ ಹೊಟ್ಟೆಗೆ ಬಡಿಯಿತು. ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ಪ್ಯಾನ್ ಒಳಕ್ಕೆ ನೆಗ್ಗಿ, ಅಂಚಿನಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಭಾವ ಮತ್ತೆ ಎಡಗಡೆಯ ಸೀಟಿಗೆ ಬಂದರು. ಆ ಸೋಮವಾರ ನನ್ನ ಸಣ್ಣ ಕಾರಿನಲ್ಲಿ ನಾನೇ ಅವರನ್ನು ಕರೆದುಕೊಂಡು ಹೋದೆ. ಹನೂರಿನವರೆಗೆ ಅವರು ಆಡಿದ್ದು ಒಂದೇ ಮಾತು: "ಎತ್ತಿನ್ ಗಾಡಿನೇ ಮೇಲಿತ್ತು ಕಣ್ಲಾ. ಎತ್ತು ಇಷ್ಟೊಂದು ಆರನ್ ಒಡೀತಿರ್ಲಿಲ್ಲ."

ನಾನು ಮೂರು ರಾತ್ರಿ ಫೋನಿನಲ್ಲಿ ಓದಿ ಒಂದು ತೀರ್ಮಾನಕ್ಕೆ ಬಂದೆ. ಕಂಪನಿಯದೇ ತಗಡಿನ ಪ್ಯಾನ್ ಹಾಕಿದರೆ ಮುಂದಿನ ಕಲ್ಲಿಗೆ ಮತ್ತೆ ಇದೇ ಕಥೆ. ಹೊರಗಿನವರು ಮಾಡುವ ದಪ್ಪ ಅಲ್ಯೂಮಿನಿಯಂ ಪ್ಯಾನ್ ಇದೆ. ಹೆಚ್ಚು ಆಳ, ಹೆಚ್ಚು ಎಣ್ಣೆ ಹಿಡಿಯುತ್ತದೆ, ಶಾಖ ಹೋಗಲೆಂದು ಹೊರಮೈಗೆ ಪಟ್ಟಿಪಟ್ಟಿಯಾಗಿ ರೆಕ್ಕೆಗಳಿವೆ. ಹಳೆಯದಕ್ಕಿರದ ಒಂದು ಅನುಕೂಲವೂ ಇದಕ್ಕಿದೆ: ತಳದಲ್ಲೊಂದು ತಿರುಪು, ಬಿಚ್ಚಿದರೆ ಎಣ್ಣೆ ಇಳಿಯುತ್ತದೆ. ನಾನು ಕಾಲೇಜಿನಲ್ಲಿರುವ ಹೊತ್ತಿಗೆ ಬಂದೀತೆಂದು ಮಾಂಬಳ್ಳಿಯ ವಿಳಾಸ ಕೊಟ್ಟೆ. ತಪ್ಪಿನ ಮೊದಲ ಹೆಜ್ಜೆ ಅದೇ.

ಭಾನುವಾರ ಹೋಗಿ ನೋಡುತ್ತೇನೆ, ಪ್ಯಾನ್ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಿದೆ. ತೊಳೆದು ಒರೆಸಿ, ನಾಲ್ಕು ಕಡೆ ಅರಿಶಿನ ಕುಂಕುಮ ಇಟ್ಟಾಗಿದೆ. ಒಳಗೆ ಒಂದು ಹಿಡಿ ಅಕ್ಕಿ, ಅದರ ಮೇಲೆ ಒಂದು ಅಚ್ಚು ಬೆಲ್ಲ.

"ಅಕ್ಕ, ಇದು ಗಾಡೀದು."

"ಗೊತ್ತು ಕಣ್ಲಾ. ನಂಗೇನ್ ಕಣ್ಣಿಲ್ವ?"

"ಮತ್ತೆ ಅಕ್ಕಿ ಯಾಕೆ?"

"ಒಸ ಪಾತ್ರೆ ಮನೆ ಒಳಿಕ್ ಬಂದ್ರೆ ಬರಿದಾಗಿ ಇಡ್ತಾರ? ಇದ್ಕೂ ಎಣ್ಣೆ ತಾನೆ ಉಯ್ಯದು? ಎಣ್ಣೆ ಉಯ್ಯದೆಲ್ಲಾ ಪಾತ್ರೆನೇ."

ಈ ವಾದದಲ್ಲಿ ದೋಷ ಎಲ್ಲಿದೆ ಎಂದು ನಾನು ಹುಡುಕುತ್ತಿರುವಾಗಲೇ ಭಾವ ಒಳಗೆ ಬಂದು ಬೆಲ್ಲದ ಅಚ್ಚನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಬೆಲ್ಲದ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿಲ್ಲ. ಅದನ್ನು ತಿಂದವರು ಭಾವ. ಅಕ್ಕಿಯ ಮಾತು ಬೇರೆ. ಅಕ್ಕ ಅದನ್ನು ಮತ್ತೆ ಡಬ್ಬಕ್ಕೆ ಸುರಿದೆ ಎನ್ನುತ್ತಾಳೆ. ಹಿತ್ತಲಲ್ಲಿ ಕೋಳಿಗಳ ಮುಂದೆ ನಾನು ಕೊಡವಿದೆ ಎಂದು ನನ್ನ ನೆನಪು. ಪ್ಯಾನ್ ತನ್ನ ಕೈಗೆ ಬಂದಾಗ ಮೂಲೆಯಲ್ಲಿ ಅಕ್ಕಿ ಇತ್ತು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದೆ ಎಂದು ಮೇಸ್ತ್ರಿ.

ಮೇಸ್ತ್ರಿಯ ಶೆಡ್ಡು ಕೊಳ್ಳೇಗಾಲದಲ್ಲಿ, ಯಳಂದೂರು ರಸ್ತೆಗೆ. ಗಾಡಿ ಎತ್ತುವ ಯಂತ್ರವಿಲ್ಲ. ನೆಲದಲ್ಲಿ ಕಟ್ಟಿದ ಒಂದು ಗುಂಡಿ, ಅದರ ಮೇಲೆ ಗಾಡಿ ನಿಲ್ಲುತ್ತದೆ, ಕೆಳಗೆ ಮನುಷ್ಯ ನಿಲ್ಲುತ್ತಾನೆ. ಅಂದು ಮೂವರೂ ಹೋಗಿದ್ದೆವು. ಅಕ್ಕ ಆಸ್ಪತ್ರೆಗೆ ಹೊರಟವಳಂತೆ ಚೀಲ, ನೀರು, ಬುತ್ತಿ ಎಲ್ಲ ತಂದಿದ್ದಳು.

ಹಳೆಯ ಪ್ಯಾನನ್ನು ಮೇಸ್ತ್ರಿ ಒಂದು ಮೂಲೆಯಿಂದ ಸಡಿಲಿಸಿದ. ಎಣ್ಣೆ ದಾಸವಾಳದ ಬಣ್ಣದಲ್ಲಿ ಇಳಿದು ಬರಬೇಕಿತ್ತಂತೆ. ಬಂದದ್ದು ಸುಟ್ಟ ಬೆಲ್ಲದ ಪಾಕದ ಬಣ್ಣದಲ್ಲಿ. ಗ್ಯಾಸ್ಕೆಟ್ ಕೂರುವ ಜಾಗವನ್ನು ಅವನು ಉಗುರಿನಲ್ಲಿ ಕೆರೆದು ಕೆರೆದು ಒರೆಸಿದ. ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್, ಅದರ ಮೇಲೆ ಹೊಸ ಪ್ಯಾನ್. ಬೋಲ್ಟುಗಳನ್ನು ಇಷ್ಟೇ ಬಲದಲ್ಲಿ ಬಿಗಿಯಬೇಕು, ಎದುರು ಬದುರಾಗಿ ಬಿಗಿಯಬೇಕು ಎಂದು ಪೆಟ್ಟಿಗೆಯಲ್ಲಿ ಬಂದ ಚೀಟಿಯಲ್ಲಿತ್ತು. ನಾನು ಮೇಲಿನಿಂದ ಓದಿ ಹೇಳಿದೆ.

"ಸಾ, ಆ ಚೀಟಿ ವಸಿ ಮಡಗಿ, ಒಳಿಕ್ ಇಳೀರಿ," ಎಂದ ಮೇಸ್ತ್ರಿ. "ಇಲ್ ಅಡ್ಡಕ್ಕೊಂದು ಕಬ್ಣದ್ ತೊಲೆ ಬತ್ತದೆ. ಅದ್ರ್ ಮೇಗ್ಲ ಬೋಲ್ಟ್‌ಗೆ ನನ್ ಕೈ ಓಗಕಿಲ್ಲ. ನಿಮ್ದು ಓದಿದ್ ಕೈ, ಸಣ್ಣದಾಗದೆ."

ಇಳಿದೆ. ಅವನು ಹತ್ತನೇ ನಂಬರಿನ ಸ್ಪ್ಯಾನರನ್ನು ಕೈಗಿತ್ತು ಪಾಠ ಮಾಡಿದ: "ಕುತ್ತಿಗೆ ಇಡ್ಕಳಿ, ಬಾಲ ಇಡೀಬ್ಯಾಡಿ. ಕುತ್ತಿಗೆ ಇಡುದ್ರೆ ಎಷ್ಟ್ ಬೇಕೋ ಅಷ್ಟೇ ಬಲ ಬತ್ತದೆ. ಬಾಲ ಇಡುದ್ರೆ ಬೋಲ್ಟು ಮುರೀತದೆ." ಚೀಟಿಯಲ್ಲಿ ಅರ್ಧ ಪುಟ ಬರೆದದ್ದು ಇಷ್ಟೇ. ನಾನು ಕುತ್ತಿಗೆ ಹಿಡಿದು, ತೊಲೆಯ ಮೇಲೆ ಕೈ ತೂರಿಸಿ, ಎರಡೋ ಮೂರೋ ಬೋಲ್ಟು ಬಿಗಿದೆ. ಹೊರಗೆ ಬಂದಾಗ ಮೊಳಕೈವರೆಗೆ ಕಪ್ಪಾಗಿದ್ದೆ. ಅಕ್ಕ ಹೆಮ್ಮೆಯಿಂದ ನೋಡಿದಳು. ಓದಿಸಿದ್ದಕ್ಕೆ ಕೊನೆಗೂ ಒಂದು ಪ್ರಯೋಜನವಾಯಿತು ಎಂಬಂತೆ.

ಎಣ್ಣೆ ತುಂಬುವುದು ಇನ್ನೊಂದು ಪ್ರಹಸನ. ಈ ಗಾಡಿಯಲ್ಲಿ ಎಣ್ಣೆ ನೋಡುವ ಕಡ್ಡಿ ಇಲ್ಲ. ಎಂಜಿನ್ ಓಡುತ್ತಿರಬೇಕು, ಗಾಡಿ ಸಮತಟ್ಟಾಗಿರಬೇಕು, ಎಣ್ಣೆ ಸುಮಾರು ನಲವತ್ತು ಡಿಗ್ರಿಗೆ ಬಂದಿರಬೇಕು. ಆಗ ಪಕ್ಕದ ತೂತಿನಿಂದ ಎಣ್ಣೆ ತೊಟ್ಟಿಕ್ಕತೊಡಗಿದರೆ ಸಾಕು ಎಂದರ್ಥ. ಸಮತಟ್ಟು ನೋಡಲು ಮೇಸ್ತ್ರಿ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವರಿಂದ ನೀರು ತುಂಬಿದ ಪ್ಲಾಸ್ಟಿಕ್ ಪೈಪು ತಂದ. ಪೈಪಿನ ಎರಡು ತುದಿಯನ್ನು ಎರಡು ಚಕ್ರಗಳ ಪಕ್ಕ ಹಿಡಿದು, ನೀರಿನ ಮಟ್ಟ ನೋಡಿ, ಹಿಂದಿನ ಚಕ್ರಕ್ಕೆ ಹಲಗೆ ಕೊಟ್ಟ. ಡಿಗ್ರಿಗೆ ಏನು ಮಾಡುವುದು? ಅವನು ಮುಂಗೈ ತಾಗಿಸಿ "ಆಯ್ತು" ಎಂದ. ನಾನು ಒಪ್ಪಲಿಲ್ಲ. ಅಕ್ಕ ಚೀಲದಿಂದ ಜ್ವರ ನೋಡುವ ಥರ್ಮಾಮೀಟರ್ ತೆಗೆದಳು. ಪ್ಯಾನಿಗೆ ಒತ್ತಿ ಹಿಡಿದೆವು.

"ಜ್ವರ ಜಾಸ್ತಿನೇ ಅದೆ," ಎಂದ ಮೇಸ್ತ್ರಿ. "ಮಾತ್ರೆ ಕೊಡನಾ ಸಾ?"

ಭಾವ ಬಲಗಡೆಯ ಸೀಟಿನಲ್ಲಿ ಕೂತು, ಬ್ರೇಕ್ ತುಳಿದು, ಗೇರಿನ ಕಡ್ಡಿಯನ್ನು ಒಂದೊಂದೇ ಮನೆಗೆ ಹಾಕಿ ತೆಗೆದರು. ಎಣ್ಣೆ ತೊಟ್ಟಿಕ್ಕಿತು. ತೂತು ಮುಚ್ಚಿದೆವು. ನಾನು ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿದೆ, ಠಣ್.

ಅದರ ಮುಂದಿನ ಸೋಮವಾರ ಭಾವ ಒಬ್ಬರೇ ಹೊರಟರು. ಸಂಜೆ ಬಂದವರ ಮುಖ ಸಪ್ಪಗಿತ್ತು. ಒಡೆಯರಪಾಳ್ಯ ದಾಟಿ ಕಲ್ಲಿನ ದಾರಿ ಹಿಡಿದರೆ ಗಾಡಿಯ ಅಡಿಯಿಂದ ಕಿಣಿ ಕಿಣಿ ಸದ್ದು. ಡಾಂಬರಿಗೆ ಬಂದರೆ ಇಲ್ಲ.

"ಅಕ್ಕಿ," ಎಂದಳು ಅಕ್ಕ.

"ಅಕ್ಕಿ ಕಾಳು ಎಲ್ಲಾರ ಕಿಣಿ ಅಂದಾತ?" ಎಂದರು ಭಾವ.

"ನೀನು ಡಬ್ಬಕ್ಕೆ ಸುರಿದೆ ಅಂದ್ಯಲ್ಲ?" ಎಂದೆ ನಾನು.

"ಸುರ್ದೆ. ಎಲ್ಲಾನೂ ಸುರಿದ್ನ ಅಂತ ಯಂಗೇಳ್ಳಿ? ಕಾಳು ಎಣಿಸ್ಕಂಡು ಆಕಿದ್ನ?"

ನಾನು ಆಗಲೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸಾಕ್ಷಿಯಿಲ್ಲ ಎಂದ ಮಾತ್ರಕ್ಕೆ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಉಪನ್ಯಾಸ ಮಾಡಿದೆ. ಗೇರ್‌ಬಾಕ್ಸ್ ನಡುದಾರಿಯಲ್ಲಿ ನಿಂತರೆ? ಅಲ್ಲಿ ಫೋನೂ ಹತ್ತುವುದಿಲ್ಲ, ಈ ಮಂಡಿಯಲ್ಲಿ ನಡೆದು ಇಳಿಯುವುದು ಹೇಗೆ? ಅಕ್ಕ ತೀರ್ಪು ಕೊಟ್ಟಳು: "ಇವನ್ನ ಕರ್ಕಂಡ್ ಓಗದಾದ್ರೆ ಓಗಿ. ಒಬ್ರೇ ಓಗಂಗಿಲ್ಲ."

ಹೀಗೆ ಸೋಮವಾರದ ಪಾಠಗಳನ್ನು ಬೇರೆ ದಿನಕ್ಕೆ ಹಾಕಿಕೊಂಡು ಮೂರು ವಾರ ನಾನು ಎಡಗಡೆಯ ಸೀಟಿನಲ್ಲಿ ಕೂತೆ. ಇಳಿಜಾರಿನಲ್ಲಿ ಇಲ್ಲದ ಬ್ರೇಕನ್ನು ತುಳಿದೆ. ಲಾರಿ ಬಂದರೆ "ಭಾವ, ಲಾರಿ" ಎಂದೆ. ಹನೂರಿನ ಟೀ ಅಂಗಡಿಯವನು ಎರಡನೇ ವಾರ ಕೇಳಿಯೇಬಿಟ್ಟ: "ಯಾರಣ್ಣ ಇವ್ರು, ವಾರ್ವಾರನೂ ಕಾವಲು?"

"ಆರ್‌ಟಿಓ," ಎಂದರು ಭಾವ. "ನಂಗೊಬ್ಬಂಗೇ ಅಂತ ಸರ್ಕಾರ ಕೊಟ್ಟದೆ."

ನಗುತ್ತಲೇ ಹೇಳಿದರು. ಆದರೆ ಮೂರನೆಯ ವಾರ ಹೊಲದಲ್ಲಿ ಬೇಗ ಬೇಗ ಸುತ್ತು ಹಾಕಿ "ನಡಿ, ನಿಂಗೆ ಕಾಲೇಜದೆ" ಎಂದು ಹೊರಡಿಸಿದರು. ನನಗೆ ಕಾಲೇಜಿರಲಿಲ್ಲ. ನಾಲ್ಕನೆಯ ಸೋಮವಾರ ಹೊರಡಲೇ ಇಲ್ಲ. "ಯಾಕೋ ಮನಸಿಲ್ಲ" ಎಂದು ಜಗಲಿಯ ಮೇಲೆ ಕೂತರು. ನಾನು ಬೇಡದ ಜಾಗದಲ್ಲಿ ಕೂತಿದ್ದೇನೆಂದು ಆಗ ಅರ್ಥವಾಯಿತು.

ಮರುದಿನವೇ ಮೂವರೂ ಮೇಸ್ತ್ರಿಯ ಹತ್ತಿರ ಹೋದೆವು. ಹೊಸ ಪ್ಯಾನಿನ ತಿರುಪು ಆ ದಿನ ಸಾರ್ಥಕವಾಯಿತು. ಬಿಚ್ಚಿ, ಅಕ್ಕನ ಬಿಳಿ ಬಟ್ಟೆಯಲ್ಲಿ ಎಣ್ಣೆಯನ್ನೆಲ್ಲ ಸೋಸಿದೆವು. ಬಟ್ಟೆ ಕೆಂಪಾಯಿತು. ಒಂದು ಕಾಳೂ ಸಿಗಲಿಲ್ಲ.

"ಅಕ್ಕಿ ಇದ್ರೂ ಫಿಲ್ಟರ್ ದಾಟಿ ಓಗಕಿಲ್ಲ ಸಾ," ಎಂದ ಮೇಸ್ತ್ರಿ.

"ಪ್ಯಾನಿನೊಳಗೆ ಕಬ್ಬಿಣದ ಪುಡಿ ಹಿಡಿಯಲು ಇಟ್ಟಿರುವ ಅಯಸ್ಕಾಂತದ ಹಿಂದೆ ಸಿಕ್ಕಿಕೊಂಡಿದ್ದರೆ?"

ಅವನು ನನ್ನನ್ನೇ ನೋಡಿದ. "ಸಾ, ನೀವು ಮಕ್ಳಿಗೆ ಏನ್ ಯೋಳ್ಕೊಡದು?"

ಆದರೂ ಸದ್ದು ಸುಳ್ಳಲ್ಲವಲ್ಲ. ಅವನು ಗುಂಡಿಗಿಳಿದು, ಅಲ್ಲಲ್ಲಿ ಮುಷ್ಟಿಯಿಂದ ಗುದ್ದುತ್ತ ಹೋದ. ಅಡ್ಡ ತೊಲೆಗೆ ಗುದ್ದಿದಾಗ ಕಿಣಿ ಎಂದಿತು. ತನ್ನ ಕೈ ಅಲ್ಲಿಗೆ ಹೋಗುವುದಿಲ್ಲ ಎಂದು ನನ್ನನ್ನೇ ಕರೆದ. ಇಳಿದು, ತೊಲೆಯ ಮೇಲೆ ಕೈ ತೂರಿಸಿದೆ. ಬೆರಳಿಗೆ ತಣ್ಣಗೆ ಏನೋ ತಾಗಿತು. ಅದರ ಕುತ್ತಿಗೆ ಹಿಡಿದು ಹೊರಕ್ಕೆ ತೆಗೆದೆ.

ಹತ್ತನೇ ನಂಬರು. ಬಾಲಕ್ಕೆ ಮೇಸ್ತ್ರಿ ಗುರುತಿಗೆಂದು ಬಳಿದ ನೀಲಿ ಬಣ್ಣ.

ಠಣ್ ಎಂಬ ಸದ್ದು ನನ್ನ ಕಿವಿಯಲ್ಲಿ ಮತ್ತೊಮ್ಮೆ, ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿತು. ಎಂದೂ ಆಗದೇ ಇದ್ದ ಸದ್ದು.

ಮೇಸ್ತ್ರಿ ಸ್ಪ್ಯಾನರನ್ನು ತಿರುಗಿಸಿ ನೋಡಿ ನಿಟ್ಟುಸಿರಿಟ್ಟ. "ಇದ್ಕೋಸ್ಕರ ಪಕ್ಕದ್ ಪಂಕ್ಚರ್ ಅಂಗ್ಡಿಯವ್ನ್ ಜೊತೆ ಮಾತ್ ಬುಟ್ಟು ಒಂದ್ ತಿಂಗ್ಳಾಯ್ತು ಸಾ. ಈಗ ಟೀ ಕುಡ್ಸಬೇಕು. ನೀವೇ ಬನ್ನಿ, ನೀವೇ ಯೋಳಿ."

ಹೋದೆ, ಹೇಳಿದೆ. ಪಂಕ್ಚರ್ ಅಂಗಡಿಯವನು ಟೀ ಕುಡಿದು ಕ್ಷಮಿಸಿದ. ಅಕ್ಕ ದಾರಿಯುದ್ದಕ್ಕೂ ಅಕ್ಕಿಯ ಮಾತೆತ್ತಲಿಲ್ಲ. ಭಾವ ಮಾತ್ರ ಮಾಂಬಳ್ಳಿ ಬರುವವರೆಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಕೇಳಿದರು: "ಅಂಗಾದ್ರೆ ನನ್ ಗಾಡಿ ಸರಿಯಾಗದೆ. ಅಲ್ವಾ? ಗಾಡೀದ್ ಏನೂ ತೆಪ್ಪಿಲ್ಲ. ಅಲ್ವೇನ್ಲಾ?"

ಹೌದು ಭಾವ, ಗಾಡಿಯದು ಏನೂ ತಪ್ಪಿಲ್ಲ.

ಅಂದಿನ ಅಕ್ಕಿ ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ. ಕೋಳಿಗಳ ಮುಂದೆ ಕೊಡವಿದ ನೆನಪನ್ನು ಈಗ ನಾನು ಯಾರ ಮುಂದೆಯೂ ಹೇಳುವುದಿಲ್ಲ. ಮುಂದಿನ ಸೋಮವಾರ ಏನಾಯಿತೆಂಬುದನ್ನು ಮಾತ್ರ ವಿಚಾರಿಸದೆ ಇರಲಾಗಲಿಲ್ಲ. ಭಾವನನ್ನು ಕೇಳುವಂತಿರಲಿಲ್ಲ, ಕೇಳಿದರೆ ಮತ್ತೆ ಕಾವಲಾಗುತ್ತದೆ. ಆದ್ದರಿಂದ ಮಧ್ಯಾಹ್ನ ಹನೂರಿನ ಟೀ ಅಂಗಡಿಯವನಿಗೆ ಫೋನ್ ಮಾಡಿದೆ.

"ಬಂದಿದ್ರು ಸಾ. ಎರ್ಡ್ ಟೀ ಕುಡುದ್ರು."

"ಜೊತೆಗೆ ಯಾರಿದ್ದರು?"

"ಯಾರೂ ಇಲ್ಲ, ಒಬ್ರೇ. ನಿಮ್ ಸೀಟಲ್ಲಿ ಗೊಬ್ಬರದ್ ಮೂಟೆ ಕೂರ್ಸಿದ್ರು. ಅದ್ಕೂ ಬೆಲ್ಟ್ ಆಕಿದ್ರು."