ಎರಡೆರಡು ಮಾತ್ರೆ ನುಂಗಿ ಪೆಂಗ್ವಿನ್ ನೋಡಲು ಹೋದದ್ದು

ಉಷುವಾಯ ತಲುಪುವ ಹೊತ್ತಿಗೆ ಅಪ್ಪ, ಅಮ್ಮ, ನಾನು ಮೂವರೂ ಅರ್ಧರ್ಧ ಉಳಿದಿದ್ದೆವು. ಕೋಣನಕುಂಟೆಯ ಮನೆ ಬಿಟ್ಟು ಎರಡು ದಿನ, ನಾಲ್ಕು ವಿಮಾನ. ಅಪ್ಪನ ಪಾದ ಊದಿ ಶೂ ಹತ್ತುತ್ತಿರಲಿಲ್ಲ. ನನ್ನ ಮುಖ ಕೊನೆಗೂ ಪಾಸ್‌ಪೋರ್ಟ್ ಫೋಟೋವನ್ನು ಹೋಲುತ್ತಿತ್ತು.

ಅರ್ಜೆಂಟೀನಾದ ದಕ್ಷಿಣ ತುದಿಯ ಬಂದರು ಇದು. ಇಷ್ಟು ದೂರ ಬಂದದ್ದು ಅಪ್ಪನ ಹಟಕ್ಕೆ. ಟೀವಿಯಲ್ಲಿ ಪೆಂಗ್ವಿನ್ ನೋಡಿದಂದಿನಿಂದ ಮೂರು ವರ್ಷ ಒಂದೇ ರಾಗ: "ಒಂದ್ಸಲ ಎದುರಿಗೆ ನೋಡ್ಬೇಕು ಕಣೋ." ಅದಕ್ಕೆ ನಮಗಿದ್ದದ್ದು ಒಂದೇ ದಿನ.

ಬೆಳಿಗ್ಗೆ ಎಂಟು ಡಿಗ್ರಿ, ಸೂಜಿಯಂಥ ಮಳೆ. ಇಲ್ಲಿಯವರು ಇದನ್ನು ಬೇಸಿಗೆ ಎನ್ನುತ್ತಾರೆ. ದೋಣಿ ಹತ್ತುವ ಮುಂಚೆ ಅಮ್ಮ ಬ್ಯಾಗಿನಿಂದ ವಾಂತಿ ಮಾತ್ರೆ ತೆಗೆದಳು.

"ಮಡಿಕೇರಿ ರೋಡಿಗೇ ಒಂದು ಬೇಕು. ಇದು ಸಮುದ್ರ. ಎರಡೆರಡು ನುಂಗಿ."

ಅಪ್ಪ, ಅಮ್ಮ ನುಂಗಿದರು. ನಾನು ಶೂರ, ನನ್ನದನ್ನು ಕಸದ ಬುಟ್ಟಿಗೆ ಹಾಕಿದೆ.

ಮೊದಲ ಬಂಡೆಯ ಮೇಲೆ ಕಡಲ ಸಿಂಹಗಳು, ಮದುವೆ ಊಟ ಮುಗಿಸಿದ ಸೋದರಮಾವಂದಿರ ಹಾಗೆ ಬಿದ್ದುಕೊಂಡಿದ್ದವು. ದನಿ ಅನುಕರಿಸುವುದು ನನ್ನ ಚಟ; ಅವುಗಳ ದನಿಯಲ್ಲೇ ಕೂಗಿದೆ. ಒಂದು ಉತ್ತರಿಸಿತು.

"ನಿನ್ ಕಡೆಯೋರು ಸಿಕ್ಕಿದ್ರು ಬಿಡು," ಎಂದರು ಅಪ್ಪ, ಆಕಳಿಸುತ್ತಾ.

ಮುಂದಿನ ಬಂಡೆಯಲ್ಲಿ ಕಪ್ಪು-ಬಿಳುಪಿನ ಹಕ್ಕಿಗಳು. "ಅಪ್ಪಾ, ಪೆಂಗ್ವಿನ್!" ಎಂದು ಕಿರುಚಿದೆ. ಎಲ್ಲವೂ ಹಾರಿಹೋದವು.

"ಹಾರ್ತಾವಲ್ಲೋ ನಿನ್ ಪೆಂಗ್ವಿನ್ನು! ನಿಜವಾದ್ದು ಬಂದಾಗ ಎಬ್ಬಿಸು," ಎಂದವರೇ ಒಳಗೆ ಹೋಗಿ, ಆಗಲೇ ಕೂತಲ್ಲೇ ನಿದ್ದೆ ಹೋಗಿದ್ದ ಅಮ್ಮನ ಹೆಗಲಿಗೊರಗಿ ಗೊರಕೆ ಹೊಡೆಯತೊಡಗಿದರು.

ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ ದಾಟಿದ ಮೇಲೆ ಎರಡು ಗಂಟೆ ನಾನು ವಾಂತಿ ಚೀಲದೊಳಗೆ ಮುಖವಿಟ್ಟುಕೊಂಡೇ ಕಳೆದೆ. ನನ್ನ ಶೌರ್ಯದ ಬಗ್ಗೆ ಇಷ್ಟು ಸಾಕು.

ಆಮೇಲೆ ಗೈಡ್ ಹೆಂಗಸು ಮೈಕಿನಲ್ಲಿ ಸಾರಿದಳು: ಪೆಂಗ್ವಿನ್ ದ್ವೀಪ ಬಂತು, ಇಪ್ಪತ್ತೇ ನಿಮಿಷ ನಿಲ್ಲುತ್ತೇವೆ. ಅಪ್ಪನನ್ನು ಅಲುಗಿಸಿದೆ. ಏಳಲಿಲ್ಲ. ಅಮ್ಮನ ದನಿ ಮಾಡಿ "ರೀ, ಕಾಫಿ ಆರ್ತಿದೆ" ಎಂದೆ. ಊಹೂಂ. ಐದು ನಿಮಿಷ ಹೋಯಿತು. ಮೂರು ವರ್ಷದ ಆಸೆ ಗೊರಕೆಯಲ್ಲಿ ಮುಗಿಯುವುದರಲ್ಲಿತ್ತು. ಕೊನೆಗೆ ನಮ್ಮ ಎರಡನೇ ಮಹಡಿಯ ಬಾಡಿಗೆದಾರ, ಹುಬ್ಬಳ್ಳಿ ಹುಡುಗನ ದನಿಯನ್ನು ಅವರ ಕಿವಿಗೇ ಬಿಟ್ಟೆ:

"ಅಂಕಲ್, ನೀರು ಬರವಲ್ದುರೀ!"

"ಮೋಟ್ರು ಹಾಕ್ತೀನಿ, ತಡಿಯಪ್ಪಾ!" ಅಪ್ಪ ಎದ್ದು ನಿಂತು ದೋಣಿಯ ಗೋಡೆಯಲ್ಲಿ ಸ್ವಿಚ್ಚು ತಡಕುತ್ತಿದ್ದರು. ಹಾಗೇ ಕೈಹಿಡಿದು ಹೊರಗೆ ತಂದೆ.

ದಡದ ತುಂಬ ಪೆಂಗ್ವಿನ್‌ಗಳು. ಜೊತೆಯಲ್ಲಿ ನಡೆಯುತ್ತಿದ್ದ ಎರಡರಲ್ಲಿ ಒಂದು ಕಲ್ಲೆಡವಿ ಬಿತ್ತು. ಇನ್ನೊಂದು ನಿಂತು ಕಾಯಿತು. ಅಪ್ಪ ಕಂಬಿ ಹಿಡಿದು ಮುಂದಕ್ಕೆ ಬಾಗಿದರು. "ಎಷ್ಟ್ ಸಣ್ಣವು ಕಣೋ," ಎಂದರು, ಅಷ್ಟೇ. ನಾನು ನಲವತ್ತು ಫೋಟೋ ತೆಗೆದೆ. ನಡುವೆ ಎರಡು ಸಲ ಒಳಗೋಡಿ ಅಮ್ಮನನ್ನು ಅಲುಗಿಸಿದೆ. ಶಾಲು ಎಳೆದುಕೊಂಡು ಮಗ್ಗುಲಾದಳು. ಮೋಟಾರು ಅವಳ ಇಲಾಖೆಯಲ್ಲ, ನನ್ನ ಕಲೆ ನಡೆಯಲಿಲ್ಲ.

ಅಮ್ಮ ಎದ್ದದ್ದು ಬಂದರು ಕಂಡ ಮೇಲೆ. ಗಾಬರಿಯಾದಳು. "ಅಯ್ಯೋ, ಎರಡೆರಡು ಮಾತ್ರೆ ಕೊಟ್ಬಿಟ್ನಲ್ಲ! ಪೆಂಗ್ವಿನ್ ನೋಡಿದ್ರೇನ್ರೀ?"

ನಾನು ಫೋನ್ ತೆಗೆದೆ. ಅಪ್ಪ ಕಣ್ಣಲ್ಲೇ ಗದರಿದರು.

"ಎಲ್ಲೇ? ಗಾಳಿ ಜಾಸ್ತಿ ಅಂತ ಬೋಟ್ ಅರ್ಧಕ್ಕೇ ತಿರುಗಿಸ್ಬಿಟ್ರು. ನೀನೇನೂ ಮಿಸ್ ಮಾಡ್ಕೊಂಡಿಲ್ಲ."

"ಪಾಪ, ಎಷ್ಟ್ ಆಸೆ ಇಟ್ಕೊಂಡಿದ್ರಿ," ಎಂದು ಅಮ್ಮ ಹೋಟೆಲಿನವರೆಗೂ ಅವರ ಬೆನ್ನು ಸವರುತ್ತಾ ಸಮಾಧಾನ ಮಾಡಿದಳು. ಅಪ್ಪ ತಲೆ ತಗ್ಗಿಸಿ, ಊದಿದ ಕಾಲೆಳೆಯುತ್ತಾ, ಅಷ್ಟನ್ನೂ ಮಾಡಿಸಿಕೊಂಡರು.